ಎಡಪಕ್ಕದ ಆಟಗಾರ

ಮಂಜುಗಡ್ಡೆಯೆಂದರೆ ನಮ್ಮ ನಾಡಿನವರಿಗೆ ಕಬ್ಬಿನ ಹಾಲಿನ ಲೋಟದಲ್ಲಿ ತೇಲುವ ವಸ್ತು. ಮೀನಿನ ಪೆಟ್ಟಿಗೆಗಳಲ್ಲಿ ಪುಡಿಮಾಡಿ ತುಂಬುವ ವಸ್ತು. ಅದರ ಮೇಲೆ ಮನುಷ್ಯರು ಓಡಾಡುವರೆಂಬುದನ್ನೇ ನಂಬುವುದು ಕಷ್ಟ. ಓಡಾಡುವುದಷ್ಟೇ ಅಲ್ಲದೆ, ಕೈಯಲ್ಲಿ ಕೋಲು ಹಿಡಿದು ಹಾಕಿಯನ್ನೂ ಆಡುವರೆಂದರೆ ಹೇಳಿದವನ ಮುಖವನ್ನೇ ನೋಡಬೇಕಾಗುತ್ತದೆ. ಹಾಕಿಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕೊಡಗಿನ ಮೈದಾನ, ಬಿಸಿಲು, ಬರಿಗಾಲಿನ ಹುಡುಗರು. ಕೆನಡಾ ದೇಶದಲ್ಲಿ ಹಾಗಲ್ಲ. ಅಲ್ಲಿ ಬರಿದೆ ಹಾಕಿಯೆಂದರೆ ಹಿಮದ ಹಾಕಿ. ನಮ್ಮ ಆಟವನ್ನು ಅವರು ಮೈದಾನದ ಹಾಕಿಯೆಂದು ವಿಶೇಷಣ ಸೇರಿಸಿ ಕರೆಯುತ್ತಾರೆ.

ಆ ದೇಶದಲ್ಲಿ ನೆಲೆಸಿರುವ ನನ್ನ ಸೋದರಳಿಯನ ಮನೆಗೆ ಒಂದು ಚಳಿಗಾಲದಲ್ಲಿ ಹೋಗಿದ್ದಾಗ ಈ ಆಟವನ್ನು ನಾನು ಮೊದಲ ಬಾರಿಗೆ ಕಂಡೆ. ಕಂಡೆ ಎಂಬುದು ದೊಡ್ಡ ಮಾತಾಯಿತು. ಮೊದಲ ಅರ್ಧ ಗಂಟೆ ನನಗೆ ಏನೂ ಕಾಣಲಿಲ್ಲ. ಅಲ್ಲಿ ಚೆಂಡಿಲ್ಲ, ಮೂರು ಅಂಗುಲ ಅಗಲದ, ಒಂದು ಅಂಗುಲ ದಪ್ಪದ ಕರಿಯ ರಬ್ಬರಿನ ಬಿಲ್ಲೆಯುಂಟು. ಅದಕ್ಕೆ ಪಕ್ ಎಂದು ಹೆಸರು. ಪುಟಿಯಬಾರದೆಂದು ಅದನ್ನು ಆಟಕ್ಕೆ ಮುಂಚೆ ಶೀತಪೆಟ್ಟಿಗೆಯಲ್ಲಿಟ್ಟು ಕಲ್ಲಿನಂತೆ ಗಟ್ಟಿಮಾಡುತ್ತಾರೆ. ಬಲಶಾಲಿಗಳು ಹೊಡೆದರೆ ಅದು ಗಂಟೆಗೆ 160 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹಾರುವುದುಂಟು. “ಮಾವ, ಪಕ್ಕನ್ನು ಹುಡುಕಬೇಡಿ, ಆಟಗಾರರು ಎತ್ತ ತಿರುಗುತ್ತಾರೋ ಅತ್ತ ನೋಡಿ” ಎಂದು ಸೋದರಳಿಯನು ಹೇಳಿಕೊಟ್ಟ ಮೇಲೆಯೇ ನನಗೆ ಆಟ ಆಟವಾಗಿ ಕಂಡದ್ದು.

ಸುಮಾರು 200 ಅಡಿ ಉದ್ದ, 85 ಅಡಿ ಅಗಲದ ಮಂಜಿನ ಅಂಗಣ. ಸುತ್ತಲೂ ಎದೆಮಟ್ಟದ ಹಲಗೆಯ ಗೋಡೆ. ತಂಡವೊಂದಕ್ಕೆ ಒಮ್ಮೆಗೆ ಆರು ಜನ: ಗೋಲಿನಲ್ಲಿ ಒಬ್ಬ, ರಕ್ಷಣೆಗೆ ಇಬ್ಬರು, ನಡುವೆ ಒಬ್ಬ, ಎಡಬಲಗಳಲ್ಲಿ ಒಬ್ಬೊಬ್ಬರು. ಈ ಎಡಬಲದವರನ್ನೇ ವಿಂಗರುಗಳೆಂದು ಕರೆಯುವುದು. ಎಡಪಕ್ಕದ ಆಟಗಾರನ ಎಡಕ್ಕೆ ಹಲಗೆಯ ಗೋಡೆ ಬಿಟ್ಟರೆ ಬೇರೇನೂ ಇಲ್ಲ. ಜೊತೆಗಾರನು ತಳ್ಳುವ ಪಕ್, ಡಿಕ್ಕಿ ಹೊಡೆಯಲು ಬರುವ ಎದುರಾಳಿ ಎಲ್ಲವೂ ಅವನತ್ತ ಬರುವುದು ಹೆಚ್ಚಾಗಿ ಬಲಗಡೆಯಿಂದಲೇ. ಓದುಗರು ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಬೇಕು. ಏಕೆಂದರೆ ನಾನು ಹೇಳಹೊರಟಿರುವ ಎಡಪಕ್ಕದ ಆಟಗಾರನಿಗೆ ಬಲಗಣ್ಣು ಕಾಣುತ್ತಿರಲಿಲ್ಲ.

ಅವರ ಹೆಸರು ವಿಲ್ಲಿ ಓ'ರೀ. ಆ ಸಂಜೆಯ ಆಟ ಮುಗಿದ ಮೇಲೆ ಸೋದರಳಿಯನು ಈ ಹೆಸರನ್ನು ಹೇಳಿದನು. ಊರಿಗೆ ಹಿಂದಿರುಗಿದ ಮೇಲೂ ಅದು ನನ್ನನ್ನು ಬಿಡದೆ, ಸಿಕ್ಕಿದ್ದನ್ನೆಲ್ಲ ಓದುವಂತೆ ಮಾಡಿತು.

ಓ'ರೀ ಹುಟ್ಟಿದ್ದು 1935ರ ಅಕ್ಟೋಬರ್ 15ರಂದು, ಕೆನಡಾದ ಪೂರ್ವತೀರದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಫ್ರೆಡೆರಿಕ್ಟನ್ ಪಟ್ಟಣದಲ್ಲಿ. ಮಕ್ಕಳ ದೊಡ್ಡ ಸಂಸಾರದಲ್ಲಿ ಎಲ್ಲರಿಗಿಂತ ಕಿರಿಯ. ಅವರ ಹಿರಿಯರು ಅಮೆರಿಕದ ದಕ್ಷಿಣದಲ್ಲಿ ಗುಲಾಮರಾಗಿದ್ದು, ಆ ನೊಗವನ್ನು ಕಳಚಿಕೊಂಡು ಉತ್ತರಕ್ಕೆ ಬಂದವರು. ಅಲ್ಲಿನ ಮಕ್ಕಳು ನಡೆಯಲು ಕಲಿತ ಬೆನ್ನಿಗೇ ಕಾಲಿಗೆ ಸ್ಕೇಟು ಕಟ್ಟುತ್ತಾರೆ. ಹುಡುಗ ವಿಲ್ಲಿಯೂ ಮೂರನೆಯ ವರ್ಷದಲ್ಲಿ ಜಾರಲು ಕಲಿತು, ಐದನೆಯ ವರ್ಷದಲ್ಲಿ ಕೋಲು ಹಿಡಿದನು. ಗುರು ಬೇರೆ ಯಾರೂ ಅಲ್ಲ, ಅಣ್ಣ ರಿಚರ್ಡ್. ಡಿಕ್ಕಿಯನ್ನು ತಡೆದುಕೊಳ್ಳುವುದು ಹೇಗೆಂಬುದನ್ನು ಈ ಅಣ್ಣನು ಡಿಕ್ಕಿ ಹೊಡೆದೇ ಕಲಿಸಿದನಂತೆ.

1949ರಲ್ಲಿ ಹುಡುಗನು ಬೇಸ್‌ಬಾಲ್ ತಂಡವೊಂದರೊಡನೆ ನ್ಯೂಯಾರ್ಕಿಗೆ ಹೋದನು. ಪಂದ್ಯಾವಳಿಯನ್ನು ಗೆದ್ದುದಕ್ಕೆ ದೊರೆತ ಬಹುಮಾನ ಆ ಪ್ರವಾಸ. ಬ್ರೂಕ್ಲಿನ್ನಿನಲ್ಲಿ ಅವರಿಗೆ ಜಾಕಿ ರಾಬಿನ್‌ಸನ್ನರ ದರ್ಶನವಾಯಿತು. ದೊಡ್ಡ ಬೇಸ್‌ಬಾಲ್ ಲೀಗುಗಳಲ್ಲಿ ಕರಿಯರಿಗೆ ದಶಕಗಳ ಕಾಲ ಮುಚ್ಚಿದ್ದ ಬಾಗಿಲನ್ನು 1947ರಲ್ಲಿ ತೆರೆದ ಧೀರರು ಅವರು. ನಾನು ಹಾಕಿಯನ್ನೂ ಆಡುತ್ತೇನೆ ಎಂದು ಹುಡುಗ ಹೇಳಿದಾಗ, ಕರಿಯ ಹುಡುಗರು ಹಾಕಿಯಾಡುವುದು ತಮಗೆ ಗೊತ್ತೇ ಇರಲಿಲ್ಲವೆಂದು ರಾಬಿನ್‌ಸನ್ನರು ಆಶ್ಚರ್ಯಪಟ್ಟರು. ಅದು ಆಶ್ಚರ್ಯಪಡುವ ಸಂಗತಿಯೇನೂ ಆಗಿರಲಿಲ್ಲ. ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ 1895ರಷ್ಟು ಹಿಂದೆಯೇ ಕರಿಯರ ಹಾಕಿ ಲೀಗೊಂದು ಸ್ಥಾಪನೆಯಾಗಿತ್ತು. ಆಡುವವರಿದ್ದರು, ಅವರನ್ನು ದೊಡ್ಡ ಅಂಗಣಕ್ಕೆ ಕರೆಯುವವರಿರಲಿಲ್ಲ.

ದೊಡ್ಡ ಅಂಗಣವೆಂದರೆ ನ್ಯಾಷನಲ್ ಹಾಕಿ ಲೀಗ್. ಆ ಕಾಲದಲ್ಲಿ ಅದರಲ್ಲಿ ಇದ್ದದ್ದು ಆರೇ ತಂಡಗಳು. ಎರಡು ದೇಶಗಳ ಸಾವಿರಾರು ತರುಣರು ನೂರಿಪ್ಪತ್ತರಷ್ಟು ಸ್ಥಾನಗಳಿಗಾಗಿ ಕಾದು ಕುಳಿತಿದ್ದರು. ಅಲ್ಲಿಗೆ ಸೇರುವುದೇ ಹುಡುಗನ ಹಂಬಲವಾಗಿತ್ತು.

1955-56ರ ಋತುವಿನಲ್ಲಿ ಓ'ರೀ ಅವರು ಕಿಚನರ್ ಎಂಬ ಊರಿನ ಕಿರಿಯರ ತಂಡದಲ್ಲಿ ಆಡುತ್ತಿದ್ದರು. ಒಂದು ದಿನ ಗೋಲಿನ ಮುಂದಿನ ನೂಕುನುಗ್ಗಲಿನಲ್ಲಿ ಯಾರದೋ ಕೋಲಿಗೆ ತಗುಲಿ ದಿಕ್ಕು ಬದಲಿಸಿದ ಪಕ್ ನೇರವಾಗಿ ಬಲಗಣ್ಣಿಗೆ ಬಡಿಯಿತು. ಮೂಗು ಮುರಿಯಿತು, ಕೆನ್ನೆಯ ಮೂಳೆ ಮುರಿಯಿತು. ಇವು ಕೂಡಿಕೊಂಡವು, ಕಣ್ಣಿನ ದೃಷ್ಟಿ ಮಾತ್ರ ಮರಳಿ ಬರಲಿಲ್ಲ. ಇನ್ನು ಹಾಕಿಯ ಮಾತೇ ಬೇಡವೆಂದು ವೈದ್ಯರು ಹೇಳಿದರು. ಕೆಲವೇ ವಾರಗಳಲ್ಲಿ ಅವರು ಮತ್ತೆ ಮಂಜಿನ ಮೇಲಿದ್ದರು. ಅತಿ ಹತ್ತಿರದ ಒಬ್ಬಿಬ್ಬರ ಹೊರತು ಯಾರಿಗೂ ಕಣ್ಣಿನ ಸಂಗತಿ ತಿಳಿಯದಂತೆ ನೋಡಿಕೊಂಡರು. ಒಂದು ಕಣ್ಣು ಕಾಣದವನು ಆಡಬಾರದೆಂಬ ನಿಯಮ ಲೀಗಿನಲ್ಲಿ ಇತ್ತು. ಗುಟ್ಟು ಹೊರಬಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

ಬೇಕಾದರೆ ನೀವೇ ಪರೀಕ್ಷಿಸಿ ನೋಡಬಹುದು. ಬಲಗಣ್ಣಿಗೆ ಕರವಸ್ತ್ರ ಕಟ್ಟಿಕೊಂಡು, ನೇರವಾಗಿ ಮುಂದೆ ನೋಡುತ್ತ ನಿಂತು, ನಿಮ್ಮ ಬಲಗಡೆಯಿಂದ ಗೆಳೆಯನೊಬ್ಬನು ಮೆಲ್ಲಗೆ ಎಸೆಯುವ ಬಟ್ಟೆಯ ಚೆಂಡನ್ನು ಹಿಡಿಯಲು ಯತ್ನಿಸಿ. ಚೆಂಡು ಬಂದ ಸಂಗತಿ ನಿಮಗೆ ತಿಳಿಯುವುದು ಅದು ಮೈಗೆ ತಾಗಿದ ಮೇಲೆಯೇ. ಓ'ರೀ ಅವರು ಪ್ರತಿ ಬಾರಿಯೂ ತಲೆಯನ್ನು ಪೂರ್ತಿಯಾಗಿ ಬಲಭುಜದ ಮೇಲಕ್ಕೆ ತಿರುಗಿಸಿ, ಎಡಗಣ್ಣಿನಿಂದ ಪಕ್ಕನ್ನು ಹುಡುಕಬೇಕಾಗಿತ್ತು. ಹೀಗೆ ತಿರುಗಿ ನೋಡುವ ಕ್ಷಣದಲ್ಲಿ ಎದುರಿನಿಂದ ಬರುವವನು ಕಾಣುತ್ತಿರಲಿಲ್ಲ. ಸಿಕ್ಕದ ಪಕ್ಕುಗಳೆಷ್ಟೋ, ತಪ್ಪಿದ ಗೋಲುಗಳೆಷ್ಟೋ. ನೋಡುವವರು ಇದನ್ನು ಆಟದ ದೋಷವೆಂದು ಎಣಿಸಿದರೆ ಅವರಿಗೆ ಉತ್ತರ ಹೇಳುವಂತೆಯೂ ಇರಲಿಲ್ಲ.

ಅವರು ಮಾಡಿದ್ದು ಸರಿಯೇ? ಈ ಪ್ರಶ್ನೆಯನ್ನು ನಾನು ಹಲವು ಸಾರಿ ಕೇಳಿಕೊಂಡಿದ್ದೇನೆ. ವೈದ್ಯರ ಮಾತನ್ನು ಮೀರುವುದು ಒಳ್ಳೆಯದೆಂದು ಮಕ್ಕಳಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಉಳಿದಿದ್ದ ಒಂದು ಕಣ್ಣಿಗೂ ಪೆಟ್ಟು ಬಿದ್ದಿದ್ದರೆ ಈ ಕಥೆಯನ್ನು ಹೇಳುವ ರೀತಿಯೇ ಬೇರೆಯಾಗುತ್ತಿತ್ತು. ಅಪಾಯಕ್ಕೆ ಗುರಿಯಾದದ್ದು ತಮ್ಮ ದೇಹ ಮಾತ್ರವೆಂದು ಅವರ ಪರವಾಗಿ ವಾದಿಸಬಹುದು. ಇಷ್ಟಾದರೂ ಇಪ್ಪತ್ತರ ಹರೆಯದಲ್ಲಿ ಅಂತಹ ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ಪ್ರತಿ ಸಂಜೆ ಸ್ಕೇಟು ಕಟ್ಟುತ್ತಿದ್ದ ತರುಣನನ್ನು ನೆನೆದಾಗ, ತೀರ್ಪು ಕೊಡುವ ಕುರ್ಚಿಯಲ್ಲಿ ನಾನು ಬಹಳ ಹೊತ್ತು ಕುಳಿತಿರಲಾರೆ.

1956ರಲ್ಲಿ ಬೇಸ್‌ಬಾಲಿನ ತಂಡವೊಂದು ಅವರನ್ನು ತರಬೇತಿ ಶಿಬಿರಕ್ಕಾಗಿ ಅಮೆರಿಕದ ಜಾರ್ಜಿಯಾ ರಾಜ್ಯಕ್ಕೆ ಕರೆಯಿತು. ವಿಮಾನನಿಲ್ದಾಣದಲ್ಲಿಳಿದೊಡನೆ ಕಂಡದ್ದು ಬಿಳಿಯರಿಗೊಂದು, ಕರಿಯರಿಗೊಂದು ಎಂದು ಬೇರ್ಪಡಿಸಿದ ಶೌಚಗೃಹಗಳ ಫಲಕ. ಆಯ್ಕೆಯಾಗದೆ ಬಸ್ಸಿನಲ್ಲಿ ಊರಿಗೆ ಮರಳಿದರು. ಹೊರಟಾಗ ಹಿಂದಿನ ಸಾಲಿನಲ್ಲಿ ಕುಳಿತಿದ್ದವರು, ಬಸ್ಸು ಉತ್ತರಕ್ಕೆ ಸಾಗಿದಂತೆ ಒಂದೊಂದೇ ಸಾಲು ಮುಂದಕ್ಕೆ ಬಂದು, ಕೆನಡಾ ಸಮೀಪಿಸುವ ಹೊತ್ತಿಗೆ ಮುಂಭಾಗದಲ್ಲಿ ಕುಳಿತಿದ್ದರಂತೆ. ಬೇಸ್‌ಬಾಲನ್ನು ಅಲ್ಲಿಗೇ ಮರೆತು, ಅದೇ ವರ್ಷ ಕ್ವಿಬೆಕ್ ಏಸಸ್ ಎಂಬ ತಂಡದಲ್ಲಿ ಹಾಕಿಯ ವೃತ್ತಿಯನ್ನು ಕೈಗೊಂಡರು.

1958ರ ಜನವರಿ 18. ಮಾಂಟ್ರಿಯಲ್ ನಗರದ ಫೋರಮ್ ಕ್ರೀಡಾಂಗಣ. ಬಾಸ್ಟನ್ ಬ್ರೂಯಿನ್ಸ್ ತಂಡದ ಆಟಗಾರನೊಬ್ಬನಿಗೆ ಗಾಯವಾಗಿದ್ದ ಕಾರಣ ಓ'ರೀ ಅವರಿಗೆ ಕರೆ ಬಂದಿತ್ತು. ಆ ರಾತ್ರಿ ಬ್ರೂಯಿನ್ಸ್ ತಂಡವು ಬಲಿಷ್ಠವಾದ ಮಾಂಟ್ರಿಯಲ್ ತಂಡವನ್ನು 3-0 ಗೋಲುಗಳಿಂದ ಸೋಲಿಸಿತು. ನ್ಯಾಷನಲ್ ಹಾಕಿ ಲೀಗಿನಲ್ಲಿ ಆಡಿದ ಮೊದಲ ಕರಿಯ ಆಟಗಾರರು ತಾವೆಂಬುದು ಓ'ರೀ ಅವರಿಗೇ ತಿಳಿದದ್ದು ಮರುದಿನದ ಪತ್ರಿಕೆಯನ್ನು ಓದಿದಾಗ! ಚರಿತ್ರೆ ಎಷ್ಟೋ ಸಲ ಹೀಗೆ ಸದ್ದಿಲ್ಲದೆ ಬಂದುಹೋಗುತ್ತದೆ. ಆ ಋತುವಿನಲ್ಲಿ ಎರಡೇ ಪಂದ್ಯಗಳು. ಮತ್ತೆ ಕಿರಿಯ ಲೀಗಿಗೆ.

ಮುಂದಿನ ಕರೆ ಬಂದದ್ದು 1960-61ರಲ್ಲಿ. 1961ರ ಹೊಸವರ್ಷದ ದಿನ ಬಾಸ್ಟನ್ನಿನಲ್ಲಿ, ಅದೇ ಮಾಂಟ್ರಿಯಲ್ ತಂಡದ ವಿರುದ್ಧ, ತಮ್ಮ ಮೊದಲ ಗೋಲನ್ನು ಹೊಡೆದರು. ಪ್ರೇಕ್ಷಕರು ಎದ್ದುನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಎಲ್ಲ ಊರುಗಳೂ ಹಾಗಿರಲಿಲ್ಲ. ಬೈಗುಳಗಳು ಸ್ವಂತ ಊರಿನ ಅಂಗಣ ಬಿಟ್ಟಲ್ಲೆಲ್ಲ ಕೇಳುತ್ತಿದ್ದವು. ಷಿಕಾಗೊದಲ್ಲಿ ಎದುರಾಳಿಯೊಬ್ಬನು ಕೋಲಿನ ಹಿಡಿಯಿಂದ ಮುಖಕ್ಕೆ ತಿವಿದನು. ಮೂಗು ಮತ್ತೆ ಮುರಿಯಿತು, ಮುಂದಿನ ಎರಡು ಹಲ್ಲುಗಳು ಉದುರಿದವು. ಓ'ರೀ ಅವರೂ ಕೋಲು ಬೀಸಿದರು. ಸಾಧುವಾಗಿ ಸಹಿಸಿಕೊಂಡರೆಂದು ಬರೆದರೆ ಕೇಳಲು ಚೆನ್ನಾಗಿರುತ್ತಿತ್ತು. ಆದರೆ ನಡೆದದ್ದು ಹಾಗಲ್ಲ. ಬರಿಯ ಬೈಗುಳಕ್ಕೆ ಕೈಯೆತ್ತುವುದಿಲ್ಲ, ಮೈಮೇಲೆ ಬಂದರೆ ಬಿಡುವುದಿಲ್ಲ ಎಂಬುದು ಅವರ ಪದ್ಧತಿಯಾಗಿತ್ತು.

ಆ ವರ್ಷ 43 ಪಂದ್ಯಗಳು, 4 ಗೋಲುಗಳು. ಬೇಸಗೆಯಲ್ಲಿ ಬಾಸ್ಟನ್ ತಂಡವು ಅವರನ್ನು ಮಾಂಟ್ರಿಯಲ್ಲಿಗೆ ಬಿಟ್ಟುಕೊಟ್ಟಿತು. ಅಲ್ಲಿಂದ ಪಶ್ಚಿಮತೀರದ ಲಾಸ್ ಏಂಜಲೀಸಿನ ತಂಡಕ್ಕೆ ಕೈದಾಟಿಸಲಾಯಿತು. ದೊಡ್ಡ ಲೀಗಿನ ಲೆಕ್ಕ ಅಲ್ಲಿಗೆ 45 ಪಂದ್ಯಗಳಿಗೆ ನಿಂತಿತು.

ನನಗೆ ಅತ್ಯಂತ ಸ್ವಾರಸ್ಯಕರವಾಗಿ ತೋರುವ ಘಟ್ಟ ಇದಾದ ಮೇಲಿನದು. 1964ರಲ್ಲಿ ಲಾಸ್ ಏಂಜಲೀಸ್ ತಂಡದ ಶಿಕ್ಷಕರಾದ ಆಲ್ಫ್ ಪೈಕ್ ಅವರು ಓ'ರೀ ಅವರನ್ನು ಎಡಪಕ್ಕದಿಂದ ಬಲಪಕ್ಕಕ್ಕೆ ಬದಲಾಯಿಸಿದರು. ಕಣ್ಣಿನ ಗುಟ್ಟು ಹೊರಬೀಳದೆಯೇ ನಡೆದ ಬದಲಾವಣೆ ಇದು. ಈಗ ಕಾಣದ ಕಣ್ಣಿನ ಕಡೆಗೆ ಬರಿಯ ಹಲಗೆಯ ಗೋಡೆ. ಆಟವೆಲ್ಲ ಕಾಣುವ ಕಣ್ಣಿನ ಕಡೆಗೆ! ಎಡಗೈ ಹೊಡೆತದವರಾದ್ದರಿಂದ ಪಕ್ಕನ್ನು ಕೋಲಿನ ಹಿಂಬದಿಯಲ್ಲಿ ಹಿಡಿಯುವುದನ್ನು ಹೊಸದಾಗಿ ಕಲಿಯಬೇಕಾಯಿತು, ಅಷ್ಟೇ. ಆ ಋತುವಿನಲ್ಲಿ ಅವರು ಹೊಡೆದ ಗೋಲುಗಳು 38. ಆ ಲೀಗಿನಲ್ಲಿ ಯಾರೂ ಅದಕ್ಕಿಂತ ಹೆಚ್ಚು ಹೊಡೆಯಲಿಲ್ಲ. 1968-69ರಲ್ಲಿ ಸ್ಯಾನ್ ಡಿಯಾಗೊ ತಂಡದ ಪರವಾಗಿ ಮತ್ತೆ 38. ಬಾಸ್ಟನ್ನಿನಲ್ಲಿ ಯಾರಾದರೂ ಅವರನ್ನು ಬಲಪಕ್ಕದಲ್ಲಿ ನಿಲ್ಲಿಸಿದ್ದರೆ? ಕೇಳಿ ಫಲವಿಲ್ಲದ ಪ್ರಶ್ನೆ. ಆದರೂ ಕೇಳದಿರಲು ನನ್ನಿಂದಾಗುವುದಿಲ್ಲ. 1979ರಲ್ಲಿ ಕೋಲನ್ನು ಕೆಳಗಿಟ್ಟಾಗ ಅವರ ವಯಸ್ಸು 43.

ಅವರ ಹಿಂದೆಯೇ ಬಾಗಿಲು ತೆರೆದುಕೊಂಡಿತೆಂದು ಯಾರೂ ತಿಳಿಯಬಾರದು. ಎರಡನೆಯ ಕರಿಯ ಆಟಗಾರ ಮೈಕ್ ಮಾರ್ಸನ್ ಆ ಲೀಗಿಗೆ ಬಂದದ್ದು 1974ರಲ್ಲಿ. ಓ'ರೀ ಅವರಿಗಿಂತ ಮುಂಚೆ ಕ್ವಿಬೆಕ್ಕಿನ ತಂಡಗಳಲ್ಲಿ ಮೆರೆದ ಹರ್ಬ್ ಕಾರ್ನಿಗೀ ಎಂಬ ಸಮರ್ಥ ಆಟಗಾರರಿಗೆ ಒಂದು ಪಂದ್ಯವೂ ದೊರೆಯಲಿಲ್ಲ. 1962ರಲ್ಲಿ ಲಾಸ್ ಏಂಜಲೀಸಿನ ಭೋಜನಕೂಟವೊಂದರಲ್ಲಿ ರಾಬಿನ್‌ಸನ್ನರು ಎದುರಾದಾಗ, ಬ್ರೂಕ್ಲಿನ್ನಿನಲ್ಲಿ ಕಂಡ ಹುಡುಗ ನೀನೇ ಅಲ್ಲವೇ ಎಂದು ಅವರೇ ಗುರುತು ಹಿಡಿದರಂತೆ. ನಡುವೆ ಹದಿಮೂರು ವರ್ಷಗಳು ಸಂದಿದ್ದವು.

1998ರಲ್ಲಿ ಲೀಗು ಅವರನ್ನು ಮತ್ತೆ ಕರೆಯಿತು. ಈ ಸಲ ಆಡಲು ಅಲ್ಲ, ಹಾಕಿಯನ್ನು ಕಾಣದ ಬಡಾವಣೆಗಳ ಮಕ್ಕಳಿಗೆ ಅದನ್ನು ಪರಿಚಯಿಸುವುದಕ್ಕೆ. ಅರವತ್ತು ದಾಟಿದ ಅವರು ಊರಿಂದೂರಿಗೆ ಹೋಗಿ ಸಾವಿರಾರು ಮಕ್ಕಳೊಡನೆ ಮಂಜಿಗಿಳಿದರು. 2018ರಲ್ಲಿ ಟೊರಾಂಟೊದ ಹಾಕಿ ಕೀರ್ತಿಮಂದಿರದಲ್ಲಿ ಅವರ ಹೆಸರು ಸೇರಿದ್ದು ಈ ಸೇವೆಯ ಹಿನ್ನೆಲೆಯಲ್ಲಿ, ಆಟವನ್ನು ಕಟ್ಟಿದವರ ಸಾಲಿನಲ್ಲಿ.

2022ರ ಜನವರಿ 18ರಂದು, ಆ ಮೊದಲ ಪಂದ್ಯಕ್ಕೆ ಸರಿಯಾಗಿ 64 ವರ್ಷಗಳಾದ ದಿನ, ಬಾಸ್ಟನ್ ತಂಡವು ಅವರು ತೊಡುತ್ತಿದ್ದ 22ನೆಯ ಸಂಖ್ಯೆಯನ್ನು ಇನ್ನು ಯಾವ ಆಟಗಾರನಿಗೂ ಕೊಡುವುದಿಲ್ಲವೆಂದು ಸಾರಿ, ಆ ಸಂಖ್ಯೆಯ ಪಟವನ್ನು ಕ್ರೀಡಾಂಗಣದ ಛಾವಣಿಗೆ ಏರಿಸಿತು. ಕೋವಿಡ್ ವ್ಯಾಧಿಯ ಕಾಲವಾದ್ದರಿಂದ 86 ವರ್ಷದ ಓ'ರೀ ಅವರು ಅಲ್ಲಿಗೆ ಬರಲಾಗಲಿಲ್ಲ. ಪಟವು ಮೇಲೇರುವುದನ್ನು ಅವರು ದೂರದ ಸ್ಯಾನ್ ಡಿಯಾಗೊದ ತಮ್ಮ ಮನೆಯಲ್ಲಿ ಕುಳಿತು ಪರದೆಯ ಮೇಲೆ ನೋಡಿದರು.