ಗುಜರಿ ರಾಶಿಯೊಳಗಿನ ಇ.ಎಚ್.ಟಿ.

ಬೆಂಗಳೂರಿನ ಎಸ್.ಪಿ. ರಸ್ತೆಯ ಆಸುಪಾಸಿನಲ್ಲಿ ಹಳೆಯ ಟಿವಿ ಬೋರ್ಡುಗಳ ರಾಶಿ ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಕಣ್ಣು ಹುಡುಕುವುದು ಒಂದನ್ನೇ, ಮೆಕ್ಯಾನಿಕ್‌ಗಳು ಇ.ಎಚ್.ಟಿ. ಎನ್ನುವ ಟ್ರಾನ್ಸ್‌ಫಾರ್ಮರನ್ನು. ಪಿಕ್ಚರ್ ಟ್ಯೂಬಿಗೆ ಸಾವಿರಾರು ವೋಲ್ಟ್ ಉಣಿಸುತ್ತ, ಸೆಕೆಂಡಿಗೆ 15,625 ಸಲ ತುಂಬಿ ಬರಿದಾಗುತ್ತಿದ್ದ ಮುಷ್ಟಿಗಾತ್ರದ ವಸ್ತು ಅದು.

ಕಲರ್ ಟಿವಿಯದು ಬೇಗ ಸಿಗುತ್ತದೆ. ಮೈತುಂಬ ಕಪ್ಪು ರಾಳ, ಪಕ್ಕದಲ್ಲಿ ಫೋಕಸ್ ಮತ್ತು ಸ್ಕ್ರೀನ್ ಎಂಬ ಎರಡು ತಿರುಪು, ತಲೆಯಿಂದ ಇಳಿದ ದಪ್ಪ ಕೆಂಪು ವೈರು. ಡಯೋಡ್‌ಗಳು ಹೊಟ್ಟೆಯೊಳಗೇ ಇರುವುದರಿಂದ ಹೊರಬರುವುದು ಡಿ.ಸಿ. ಮಾತ್ರ. ಮಲ್ಟಿಮೀಟರ್ ಹಿಡಿದರೆ ಆ ವೈರಿನಲ್ಲಿ ಮುಳ್ಳು ಅಲುಗುವುದಿಲ್ಲ. ಸಾಲಾಗಿ ಕೂತ ಡಯೋಡ್‌ಗಳನ್ನು ದಾಟಲು ಮೀಟರಿನ ಪುಟ್ಟ ಬ್ಯಾಟರಿಗೆ ಶಕ್ತಿ ಸಾಲದು. ‘ಡೆಡ್ ಆಗಿದೆ ಸಾರ್’ ಎಂದು ಬದಿಗೆಸೆದವುಗಳಲ್ಲಿ ಎಷ್ಟೋ ಜೀವಂತವಾಗಿರುತ್ತವೆ.

ಆದರೂ ನನ್ನ ಮನಸ್ಸು ಹಳೆಯ ಬ್ಲ್ಯಾಕ್ ಅಂಡ್ ವೈಟ್ ಸೆಟ್ಟಿನದಕ್ಕೇ ಸೋಲುತ್ತದೆ. ಡಯೋಡ್ ಹೊರಗಿರುವ ಕಾಲದ್ದಾದರೆ ಚಕ್ಕುಲಿಯಂತೆ ಸುತ್ತಿದ ಸುರುಳಿ ಕಣ್ಣಿಗೇ ಕಾಣುತ್ತದೆ, ಎ.ಸಿ. ಸಿಗುತ್ತದೆ. ಅದನ್ನು ಬೆಳಕಿಗೆ ಹಿಡಿದು ಮೈಯೆಲ್ಲ ನೋಡುತ್ತೇನೆ. ಫೆರೈಟ್ ಮೂಲೆ ಚೂರು ಮುಕ್ಕಾಗಿದ್ದರೆ ಚಿಂತೆಯಿಲ್ಲ. ಸುರುಳಿಯ ಮೇಲೆ ಕೂದಲೆಳೆಯಷ್ಟು ಕರಕಲು ಗೆರೆ ಕಂಡರೆ ಮಾತ್ರ ಕೆಳಗಿಡುತ್ತೇನೆ. ಒಮ್ಮೆ ಕಿಡಿ ಹಾದ ದಾರಿಯಲ್ಲೇ ಮತ್ತೆ ಹಾಯುತ್ತದೆ. ಕೋರಿನ ಎರಡು ತುಂಡುಗಳ ನಡುವಿನ ತೆಳು ಕಾಗದವನ್ನು ಕಸವೆಂದು ಕಿತ್ತೆಸೆಯಬಾರದು. ಶಕ್ತಿ ಕೂಡಿಡುವುದೇ ಆ ಸಂದಿನಲ್ಲಿ.

ಕೋರಿನ ಬರಿಗಾಲು ಹೊರಗೆ ಕಂಡರೆ ಇನ್ನೂ ಸಂತೋಷ. ಅದಕ್ಕೆ ಎನಾಮೆಲ್ ತಂತಿಯ ಹತ್ತು ಸುತ್ತು ಹಾಕಿ, 12 ವೋಲ್ಟ್ ಬ್ಯಾಟರಿ, ಒಂದು 2ಎನ್3055 ಟ್ರಾನ್ಸಿಸ್ಟರ್ ಜೋಡಿಸಿದರೆ, ತಂತಿ ಸುಟ್ಟ ಹಳೆಯ ಬಲ್ಬಿನೊಳಗೆ ನೇರಳೆ ಎಳೆಗಳು ಏಳುತ್ತವೆ. ಗಾಜಿನ ಗೋಡೆಯವರೆಗೂ ಹರಿದು, ಅಲ್ಲಿ ಕವಲೊಡೆದು, ಜಾಗ ಬದಲಿಸುತ್ತಲೇ ಇರುತ್ತವೆ. ನೋಡುತ್ತ ಕೂತರೆ ಊಟದ ಹೊತ್ತು ಮೀರುತ್ತದೆ.

ಟಿವಿಯನ್ನು ನೀವೇ ಬಿಚ್ಚಲು ಹೋಗಬೇಡಿ. ಸ್ವಿಚ್ ಆರಿಸಿದ ಮೇಲೂ ಟ್ಯೂಬು ಚಾರ್ಜ್ ಹಿಡಿದಿರುತ್ತದೆ. ಪಳಗಿದ ಮೆಕ್ಯಾನಿಕ್ ಬಿಚ್ಚಿಕೊಡಲಿ. ಅದೇ ರಾಶಿಯಲ್ಲಿ ಮೈಕ್ರೋವೇವ್ ಒಲೆಯ ಭಾರದ ಟ್ರಾನ್ಸ್‌ಫಾರ್ಮರೂ ಕೈಗೆ ತಾಗಬಹುದು. 2000 ವೋಲ್ಟ್ ತಾನೆ ಎಂದು ಹಗುರಾಗಿ ಎಣಿಸಬೇಡಿ. ಅದರ ಕರೆಂಟು ಒಂದೇ ಏಟಿಗೆ ಜೀವ ತೆಗೆಯುತ್ತದೆ. ಎಷ್ಟು ಅಗ್ಗಕ್ಕೆ ಕೊಟ್ಟರೂ ಅದು ಹವ್ಯಾಸಿಯ ಮನೆಗೆ ಬೇಡ.