ಉಯ್ಯಾಲೆ ಮನೆಯ ಕಾದಂಬರಿ ಪಾಠ

ವಡೋದರಾದಲ್ಲಿ ಮಳೆ ಹಿಡಿಯಿತೆಂದರೆ ಊರಿಗೆ ಊರೇ ವಿಶ್ವಾಮಿತ್ರಿ ನದಿಯ ಮಾತಾಡುತ್ತದೆ, ನೀರು ಎಲ್ಲಿಗೆ ಬಂತು, ಸೇತುವೆ ದಾಟಬಹುದೋ ಇಲ್ಲವೋ ಅಂತ. ಅಂಥ ಮಳೆಯ ಒಂದು ಭಾನುವಾರ ಅದು. ಯಾವ ವರ್ಷವೋ, ನೆನಪಿಲ್ಲ. ಕಾಕಾ ಇನ್ನೂ ಗಟ್ಟಿಯಾಗಿದ್ದರು ಅನ್ನುವುದಷ್ಟೇ ನೆನಪು.

ಕಾಕಾ ಧಾರವಾಡದ ಕಡೆಯವರು, ಮಿಲ್ಲಿನಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ವಡೋದರಾದ ಮನೆಗಳಲ್ಲಿರುವಂತೆ ಅವರ ನಡುಮನೆಯಲ್ಲೂ ಒಂದು ಉಯ್ಯಾಲೆ. ಮಾತು ಒಪ್ಪಿಗೆಯಾದರೆ ಮೆಲ್ಲಗೆ ತೂಗಿಕೊಳ್ಳುವರು, ಆಗದಿದ್ದರೆ ಕಾಲೂರಿ ನಿಲ್ಲಿಸುವರು. ಅಲ್ಲಿಗೆ ಬರುತ್ತಿದ್ದ ಕಾಲೇಜು ಹುಡುಗರಿಗೆ ನಾನು ಕಾದಂಬರಿ ಓದಿಸುತ್ತಿದ್ದೆ.

ಅವತ್ತು ಅನಂತಮೂರ್ತಿಯವರ ‘ಸಂಸ್ಕಾರ’. ಆಚಾರ ಬಿಟ್ಟ ನಾರಣಪ್ಪ ಅಗ್ರಹಾರದಲ್ಲಿ ಸಾಯುತ್ತಾನೆ, ಅವನ ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕು ಅಂತ ಪಂಡಿತ ಪ್ರಾಣೇಶಾಚಾರ್ಯರು ಹೇಳಬೇಕು. ಹುಡುಗರು ಆಗಲೇ ನಾರಣಪ್ಪ ಕೆಟ್ಟವನು, ಪ್ರಾಣೇಶಾಚಾರ್ಯರು ಒಳ್ಳೆಯವರು ಅಂತ ಬರೆದುಕೊಂಡು ಕೂತಿದ್ದರು. “ನಾರಣಪ್ಪ ಸಾಯಲೇ ಇಲ್ಲ ಅಂತ ಇಟ್ಕೊಳ್ಳಿ. ಆಚಾರ್ಯರ ಮಾರನೇ ದಿನ ಹೇಗಿರುತ್ತೆ?” ಅಂದೆ. ಸ್ನಾನ, ಪೂಜೆ, ಹಾಸಿಗೆ ಹಿಡಿದ ಹೆಂಡತಿಯ ಆರೈಕೆ, ಪುರಾಣ ಅಂದರು. ಅದರ ಮಾರನೇ ದಿನ? ಅದೇ. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಹುಡುಗಿ, “ಹಾಗಾದ್ರೆ ತಾವು ಎಂಥವರು ಅಂತ ಅವರಿಗೇ ಗೊತ್ತಾಗ್ತಿರಲಿಲ್ಲ ಸರ್” ಅಂದಳು. ಉಯ್ಯಾಲೆ ತೂಗಿತು.

ಅಷ್ಟರಲ್ಲಿ ಕಾಕಿ ಬಿಸಿಬಿಸಿ ಸೇವ್ ಉಸಳ್ ತಂದರು. ವಡೋದರಾದ ಮಂದಿಗೆ ಅದು ಪ್ರಾಣ. ಕಾಕಿಯ ಕೈಯಲ್ಲಿ ಅದರ ಮೇಲೆ ಧಾರವಾಡದ ಶೇಂಗಾ ಚಟ್ನಿಪುಡಿಯೂ ಬೀಳುತ್ತಿತ್ತು. ಪಾವ್ ಮುರಿಯುತ್ತಿದ್ದ ಒಬ್ಬ ಹುಡುಗ ಕೈ ತಡೆದು ಕೇಳಿದ: “ಹೆಣ ಎತ್ತೋ ತನಕ ಅಗ್ರಹಾರದಲ್ಲಿ ಯಾರೂ ಉಣ್ಣೋ ಹಾಗಿಲ್ವಾ?” ಇಲ್ಲ ಅಂದೆ. ಹೊಟ್ಟೆ ಹಸಿವು ಅವಸರ ಮಾಡುತ್ತದೆ, ನಾರಣಪ್ಪನ ಜೊತೆಗಿದ್ದ ಚಂದ್ರಿ ಬಿಚ್ಚಿಟ್ಟ ಒಡವೆ ಆಸೆ ಹುಟ್ಟಿಸುತ್ತದೆ, ಶಾಸ್ತ್ರದಲ್ಲಿ ಉತ್ತರ ಸಿಗುವುದಿಲ್ಲ. ಆಚಾರ್ಯರು ಮನೆ ಬಿಟ್ಟು ಏಳಲೇಬೇಕು. ಕಥೆ ನಡೆಯುವುದು ಆ ನಡಿಗೆಯಿಂದ.

  

ಗುಂಪಿನಲ್ಲಿ ಸೂರತ್ತಿನ ಹುಡುಗನೊಬ್ಬನಿದ್ದ. ಅವನು ತನ್ನೂರಿನ ಕಥೆ ತೆಗೆದ. ‘ಕರಣ್ ಘೇಲೋ’ ಬರೆದ ನಂದಶಂಕರ ಮೆಹತಾ ಸೂರತ್ತಿನ ಶಾಲಾ ಮೇಷ್ಟರು. 1866ರಲ್ಲಿ ಬಂದ ಅದು ಗುಜರಾತಿಯ ಮೊದಲ ಕಾದಂಬರಿ ಅಂತ ಹೆಸರಾದದ್ದು. ರಾಜ ಕರಣ ತನ್ನ ಮಂತ್ರಿ ಮಾಧವನ ಹೆಂಡತಿಯನ್ನೇ ಎಳೆದೊಯ್ಯುತ್ತಾನೆ. ಮಾಧವ ದೆಹಲಿಗೆ ಹೋಗಿ ಸುಲ್ತಾನ ಅಲ್ಲಾವುದ್ದೀನ ಖಿಲ್ಜಿಯ ದಂಡನ್ನು ಗುಜರಾತಿನ ಮೇಲೆ ತರುತ್ತಾನೆ. ಕಾಕಾ ಕಾಲೂರಿದರು. “ಮಾಧವನ ಸಿಟ್ಟು ಖರೇನಪಾ. ಆದ್ರ ಊರಿನ ಮಂದಿ ಏನ್ ತಪ್ಪು ಮಾಡಿದ್ರು?” ಹುಡುಗರು ಎರಡು ಬಣವಾಗಿ ವಾದಕ್ಕಿಳಿದರು. ಕೆಟ್ಟವನು, ಒಳ್ಳೆಯವನು ಅಂತ ಬರೆದುಕೊಂಡಿದ್ದ ಪುಸ್ತಕಗಳನ್ನು ಯಾರೂ ತೆರೆಯಲಿಲ್ಲ.

ಕೊನೆಗೆ ನಾನು ಪನ್ನಾಲಾಲ್ ಪಟೇಲರ ‘ಮಾನವೀನಿ ಭವಾಯಿ’ ಹೇಳಿದೆ. ಛಪ್ಪನಿಯೋ ಅಂತ ಗುಜರಾತಿನವರು ಇಂದಿಗೂ ನೆನೆಯುವ ಬರಗಾಲ. ಕಾಳು ಬೆಳೆದ ರೈತ ಕಾಲುವೇ ಧರ್ಮದ ಕಾಳಿಗೆ ಕೈಯೊಡ್ಡಬೇಕು. ಆ ಬರಕ್ಕೆ ಯಾರ ಕೆಟ್ಟತನವೂ ಕಾರಣವಲ್ಲ, ಮಳೆ ಬಂದಿಲ್ಲ, ಅಷ್ಟೇ. ಹೊಟ್ಟೆ ಕೈ ಚಾಚು ಅನ್ನುತ್ತದೆ, ಮಾನ ಬೇಡ ಅನ್ನುತ್ತದೆ. ಆ ಜಗ್ಗಾಟದಲ್ಲೇ ಕಾಲುವಿನಂಥ ಮನುಷ್ಯ ನಮಗೆ ಪೂರ್ತಿಯಾಗಿ ಕಾಣುವುದು.

ಸಾಹಿತ್ಯ ಪಾಠ ಮಾಡುವ ಗೆಳೆಯರಿಗೆ ನನ್ನದೊಂದೇ ವಿನಂತಿ. ಕಾದಂಬರಿಯಲ್ಲಿ ಸಂಘರ್ಷದ ವಿಧಗಳು ಇಷ್ಟು ಅಂತ ಹುಡುಗರಿಂದ ಬರೆಸಬೇಡಿ. ಈ ಮನುಷ್ಯ ಯಾವ ದಾರಿ ಹಿಡಿದರೂ ಏನನ್ನು ಕಳೆದುಕೊಳ್ಳುತ್ತಾನೆ ಅಂತ ಕೇಳಿ. ಅದಕ್ಕೆ ಉತ್ತರ ಗೈಡಿನಲ್ಲಿ ಇರುವುದಿಲ್ಲ. ಹುಡುಗರು ಕಾದಂಬರಿಯನ್ನೇ ಓದಬೇಕಾಗುತ್ತದೆ.