ಮುಖಪುಟದ ಮೇಲೆ ಹಾಡಿದವರ ಹೆಸರು

ಬಿಳಿಗಿರಿರಂಗನ ಬೆಟ್ಟದ ನಮ್ಮ ಪೋಡುಗಳಿಗೆ, ಅಂದರೆ ಸೋಲಿಗರ ಊರುಗಳಿಗೆ, ರೆಕಾರ್ಡರ್ ಹಿಡಿದು ಬಂದವರು ಬಹಳ ಮಂದಿ. ಸೋಲಿಗರ ಗೊರುಕನ ಹಾಡು, ದೊಡ್ಡಸಂಪಿಗೆ ಮರದ ಕಥೆ, ಹಿರಿಯರು ತರಗು ಬೆಂಕಿ ಹಾಕುತ್ತಿದ್ದ ಕಾಲದ ಕಾಡಿನ ನೆನಪು, ಎಲ್ಲವನ್ನೂ ತುಂಬಿಕೊಂಡು ಹೋದರು. ಪುಸ್ತಕವಾದಾಗ ಮುಖಪುಟದಲ್ಲಿ ಸಂಗ್ರಹಿಸಿದವರ ಹೆಸರು ಬಂತು. ಹಾಡಿದವರು ಕೊನೆಯ ಪುಟದ ವಕ್ತೃಗಳ ಪಟ್ಟಿಗೆ ಸೇರಿದರು. ನನ್ನ ಅಜ್ಜಿಯೂ ಅಂಥದೊಂದು ಪಟ್ಟಿಯಲ್ಲಿದ್ದಾಳೆ. ಅವಳ ಹೆಸರಿನ ಮುಂದೆ ‘ಅನಕ್ಷರಸ್ಥೆ’ ಎಂದು ಬರೆದಿದ್ದಾರೆ.

ಅಜ್ಜಿ ಮತ್ತು ಹಿರಿಯರು ಹೇಳಿದ್ದನ್ನೆಲ್ಲ ನಾನೇ ಬರೆದೆ. 1974ರಲ್ಲಿ ಬೆಟ್ಟ ವನ್ಯಧಾಮವಾದ ಮೇಲೆ ಕಾಡಿನೊಳಗಿಂದ ಎಬ್ಬಿಸಿದ ಮನೆಗಳ ಕಥೆಯೂ ಅದರಲ್ಲಿತ್ತು. ಪ್ರಕಾಶಕರೊಬ್ಬರು ಮೆಚ್ಚಿದರು. ಆದರೆ ಸಂಪಾದಕರೆಂದು ಪ್ರಾಧ್ಯಾಪಕರೊಬ್ಬರ ಹೆಸರು ಹಾಕಬೇಕು, ಪುಸ್ತಕದ ಹಕ್ಕು ತಮಗೇ ಸೇರಬೇಕು ಎಂದರು. ಕರಾರುಪತ್ರವನ್ನು ಅಜ್ಜಿಗೆ ಓದಿ ಹೇಳಿದೆ.

“ಹಾಡಿದ್ದು ನಾನಲ್ವ ಮಗಾ, ನನ್ ಹೆಸ್ರು ಎಲ್ಲದ?” ಎಂದಳು.

ಹಸ್ತಪ್ರತಿ ವಾಪಸ್ ತಂದೆ. ಕಷ್ಟ ಶುರುವಾದದ್ದೇ ಆಮೇಲೆ. ಮುದ್ರಣಕ್ಕೆ ದುಡ್ಡಿರಲಿಲ್ಲ. ಕಾಡಿನ ಜೇನು, ನೆಲ್ಲಿಕಾಯಿ ಸಂಗ್ರಹವನ್ನೇ ಅರಣ್ಯ ಇಲಾಖೆಯವರು 2006ರಲ್ಲಿ ನಿಲ್ಲಿಸಿದ್ದರು. ಆದರೆ 2011ರಲ್ಲಿ ನಮ್ಮ ಬೆಟ್ಟದ 25 ಗ್ರಾಮಸಭೆಗಳಿಗೆ ಅರಣ್ಯಹಕ್ಕು ಸಿಕ್ಕಿತ್ತು, ಆ ಹಕ್ಕಿನಿಂದ ಕಿತ್ತ ಜೇನಿನ ದುಡ್ಡಲ್ಲೇ ಪೋಡಿನವರು ಮುಂಗಡ ಕೂಡಿಸಿಕೊಟ್ಟರು. ಪುಸ್ತಕಕ್ಕೆ ಬೇಕಾದ ಐಎಸ್‌ಬಿಎನ್ ಸಂಖ್ಯೆ ಉಚಿತವಾಗಿ ಸಿಗುತ್ತದೆ, ಆದರೆ ಆನ್‌ಲೈನ್ ಅರ್ಜಿ ತುಂಬಲು ಬೆಟ್ಟದಲ್ಲಿ ಸಿಗ್ನಲ್ ಇರಲಿಲ್ಲ. ಯಳಂದೂರಿಗೆ ಇಳಿದು ಹೋದೆ. ಪ್ರಕಾಶಕರು ಎಂಬ ಜಾಗದಲ್ಲಿ ಪೋಡಿನ ಹೆಸರು ತುಂಬಿದಾಗ ಕೈ ನಡುಗಿತು, ಸಂತೋಷಕ್ಕೆ.

ಮೈಸೂರಿನಲ್ಲಿ ಡಿಟಿಪಿ ಮಾಡಿದವರು ನಮ್ಮ ಮಾತನ್ನೆಲ್ಲ ತಪ್ಪೆಂದು ತಿದ್ದಿಬಿಟ್ಟಿದ್ದರು. ಕೂಲಿ ಬಿಟ್ಟು ಹೋಗಿ, ಕರಡಿನ ಪುಟಪುಟವನ್ನೂ ಮೊದಲಿನಂತೆ ಮಾಡಿಸಿದೆ. ರಾತ್ರಿ ಉಳಿಯಲು ಜಾಗವಿಲ್ಲದೆ ಬಸ್‌ಸ್ಟ್ಯಾಂಡಿನಲ್ಲಿ ಕೂತದ್ದೂ ಉಂಟು. ಪುಸ್ತಕ ಬಂದ ಮೇಲೆ ಅಂಗಡಿಯವರು ನೂರಕ್ಕೆ 40 ಕಮಿಷನ್ ಕೇಳಿದರು. ಅಷ್ಟು ಕೊಟ್ಟರೆ ಕಾಗದದ ಸಾಲವೂ ತೀರುತ್ತಿರಲಿಲ್ಲ. ಮಳೆಗಾಲ ಪೂರ್ತಿ ಕಟ್ಟುಗಳನ್ನು ಅಟ್ಟದ ಮೇಲೆ ಟಾರ್ಪಾಲು ಹೊದಿಸಿ ಕಾದೆವು. ಜಾತ್ರೆಗಳಲ್ಲಿ, ಸಭೆಗಳಲ್ಲಿ ನಾವೇ ಹೊತ್ತು ಮಾರಿದೆವು. ಸಾಲ ಇನ್ನೂ ಸ್ವಲ್ಪ ಉಳಿದಿದೆ.

ಮುಖಪುಟದಲ್ಲಿ ಹಾಡಿದ, ಹೇಳಿದ ಎಲ್ಲರ ಹೆಸರೂ ಇದೆ, ಅಜ್ಜಿಯದು ಮೊದಲು. ಹಕ್ಕು ಪೋಡಿನದು.

ಬುಡಕಟ್ಟಿನ ಹಾಡು, ಕಥೆ ಸಂಗ್ರಹಿಸುವ ವಿದ್ವಾಂಸರಲ್ಲಿ, ಪ್ರಕಾಶಕರಲ್ಲಿ ಕೇಳಿಕೊಳ್ಳುತ್ತೇನೆ: ಹಾಡಿದವರನ್ನು ಲೇಖಕರೆಂದೇ ಮುಖಪುಟದಲ್ಲಿ ಅಚ್ಚು ಹಾಕಿ, ಗೌರವಧನದಲ್ಲಿ ಅವರ ಪಾಲನ್ನು ಅವರ ಕೈಗೇ ಕೊಡಿ. ಹಳೆಯ ಪುಸ್ತಕಗಳ ಮರುಮುದ್ರಣಕ್ಕೂ ಇದು ಅನ್ವಯಿಸಲಿ.